ಕಡಿಮೆ ಎಳೆತ ಬೇಕು, ಬೆರಳಿಗೆ ಬಿಗಿಯೂ ಬೇಕು: ಬೇಸ್ ಗಿಟಾರ್‌ಗೆ ಯಾವ ತಂತಿ?

ಮಂದ್ರಪ್ರಿಯ

ಎಲ್ಲರಿಗೂ ನಮಸ್ಕಾರ. ತಂತಿಗಳ ವಿಷಯದಲ್ಲಿ ಮೂರು ತಿಂಗಳಿನಿಂದ ಒದ್ದಾಡುತ್ತಿದ್ದೇನೆ. ಅನುಭವ ಇರುವವರ ಮಾತು ಬೇಕಾಗಿದೆ.

ನನ್ನದು ನಾಲ್ಕು ತಂತಿಯ, 34 ಇಂಚು ಸ್ಕೇಲಿನ (ತಂತಿಯ ಮಿಡಿಯುವ ಉದ್ದ) ಬೇಸ್. ಹನ್ನೊಂದು ವರ್ಷ 45-65-85-105 ಗೇಜಿನ (ಜಿ, ಡಿ, ಎ, ಇ ತಂತಿಗಳ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ) ಸ್ಟೀಲ್ ರೌಂಡ್‌ವೂಂಡ್, ಅಂದರೆ ದುಂಡು ತಂತಿ ಸುತ್ತಿದ, ತಂತಿಗಳನ್ನೇ ನುಡಿಸಿದೆ. ಕಳೆದ ವರ್ಷದಿಂದ ಎಡಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿದೆ. ವೈದ್ಯರಿಗೆ ತೋರಿಸಿದ್ದೇನೆ. ವಿಶ್ರಾಂತಿ ಕೊಡಿ, ಒತ್ತುವ ಶ್ರಮ ಕಡಿಮೆ ಮಾಡಿಕೊಳ್ಳಿ ಎಂದಿದ್ದಾರೆ. ಅದರಂತೆ ಬಹಳ ಮೃದು ಎಂದು ಎಲ್ಲರೂ ಹೊಗಳುವ ಒಂದು ಫ್ಲ್ಯಾಟ್‌ವೂಂಡ್ (ಚಪ್ಪಟೆ ಪಟ್ಟಿ ಸುತ್ತಿದ, ನುಣುಪಾದ) ಸೆಟ್ ತಂದು ಹಾಕಿದೆ.

ಮೊದಲ ದಿನ ಹಿತವೆನಿಸಿತು. ವಾರ ಕಳೆಯುವಷ್ಟರಲ್ಲಿ ತೊಂದರೆ ಕಾಣಿಸಿಕೊಂಡಿತು. ಎಲ್ಲಕ್ಕಿಂತ ದಪ್ಪವಾದ ಇ ತಂತಿ ಬೆರಳಿನ ಕೆಳಗೆ ಜೋಲುತ್ತದೆ. ಮೀಟಿದರೆ ಬೆರಳಿಗೆ ಎದುರು ನಿಲ್ಲುವುದೇ ಇಲ್ಲ, ತಪ್ಪಿಸಿಕೊಂಡು ಹೋಗುತ್ತದೆ. ವೇಗದ ನುಡಿಸಾಣಿಕೆಯಲ್ಲಿ ಎರಡನೆಯ ಪೆಟ್ಟು ಬೀಳುವಾಗ ತಂತಿ ಇನ್ನೂ ತೂಗಾಡುತ್ತಿರುತ್ತದೆ. ಜೋರಾಗಿ ಮೀಟಿದರೆ ಸ್ವರ ಮೊದಲು ಶ್ರುತಿಗಿಂತ ಮೇಲೆ ಹಾರಿ ಆಮೇಲೆ ಕೆಳಗಿಳಿಯುತ್ತದೆ, ಜೊತೆಗೆ ಫ್ರೆಟ್‌ಗಳಿಗೆ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ) ಬಡಿದು ಗರಗರ ಎನ್ನುತ್ತದೆ.

ಎಳೆತ ಕಡಿಮೆ ಇರಬೇಕು, ಆದರೆ ಬೆರಳು ಇಟ್ಟಲ್ಲಿ ತಂತಿ ಗಟ್ಟಿಯಾಗಿ ನಿಲ್ಲಬೇಕು. ಇವೆರಡೂ ಒಟ್ಟಿಗೆ ಸಿಗುವುದು ಸಾಧ್ಯವೇ? ಅಥವಾ ಅಸಾಧ್ಯವಾದದ್ದನ್ನು ಕೇಳುತ್ತಿದ್ದೇನೆಯೇ?

ಹಳೆಯಬೆರಳು

ಸಾಧ್ಯವಿದೆ. ನಾನು ಎಂಟು ವರ್ಷದಿಂದ ಕಡಿಮೆ ಎಳೆತದ ತಂತಿಗಳಲ್ಲೇ ಇದ್ದೇನೆ. ವಿಯೆನ್ನಾದ ತೋಮಾಸ್ಟಿಕ್-ಇನ್‌ಫೆಲ್ಡ್‌ನವರ ಜಾಝ್ ಫ್ಲ್ಯಾಟ್ಸ್ ಬಹಳ ಕಾಲ ನುಡಿಸಿದೆ. ಅದರ ಗೇಜ್ 43-56-70-100. ಈ ಬಗೆಯ ತಂತಿಗಳಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಅದನ್ನೇ. ನಾದದ ವಿಷಯದಲ್ಲಿ ಎರಡು ಮಾತಿಲ್ಲ, ಮಧ್ಯಸ್ಥಾಯಿ ಹಾಡುತ್ತದೆ. ಬಿಗಿ ಎಂಬ ಗುಣವನ್ನು ಮಾತ್ರ ಅದರಲ್ಲಿ ಹುಡುಕಬೇಡಿ. ಆಮೇಲೆ ಲಾ ಬೆಲ್ಲಾದವರ ಕಡಿಮೆ ಎಳೆತದ ಫ್ಲ್ಯಾಟ್ ಸೆಟ್‌ಗೆ ಬಂದೆ. ನನ್ನ ಬೆರಳಿಗೆ ಅದು ಇನ್ನಷ್ಟು ನಿಂತಂತೆ ಅನಿಸಿತು. ಅದನ್ನು ಒಮ್ಮೆ ನೋಡಿ.

ದುರಸ್ತಿಮೇಜು

ತಂತಿಯ ಹೆಸರುಗಳಿಗೆ ಹೋಗುವ ಮೊದಲು ದಯವಿಟ್ಟು ಸ್ವಲ್ಪ ನಿಲ್ಲಿ. ಇಪ್ಪತ್ತು ವರ್ಷದಿಂದ ಗಿಟಾರ್‌ಗಳ ದುರಸ್ತಿ ಮಾಡುತ್ತಿದ್ದೇನೆ. ಮಂದ್ರಪ್ರಿಯ ಅವರು ಬರೆದದ್ದನ್ನು ಓದಿದಾಗ ಮೂರು ಬೇರೆ ಬೇರೆ ಸಂಗತಿಗಳು ಒಂದೇ ದೂರಿನೊಳಗೆ ಸೇರಿಕೊಂಡಿರುವುದು ಕಂಡಿತು.

ಎಳೆತ ಎಂದರೆ ತಂತಿಯನ್ನು ಶ್ರುತಿಗೆ ತಂದಾಗ ಅದು ನಟ್ (ಕುತ್ತಿಗೆಯ ತುದಿಯ ಕಚ್ಚುಪಟ್ಟಿ) ಮತ್ತು ಬ್ರಿಡ್ಜ್ (ದೇಹದ ಮೇಲೆ ತಂತಿಗಳನ್ನು ಹೊರುವ ಭಾಗ) ನಡುವೆ ಎಷ್ಟು ಬಲದಿಂದ ಜಗ್ಗುತ್ತಿದೆ ಎಂಬುದು. ಅದನ್ನು ಅಳೆಯಬಹುದು. ಪೆಡಸು ಎಂದರೆ ತಂತಿ ತಾನೇ ಬಾಗಲು ಎಷ್ಟು ಒಪ್ಪುವುದಿಲ್ಲ ಎಂಬುದು. ಪೊಟ್ಟಣದಿಂದ ತೆಗೆದ ತಂತಿಯನ್ನು ಕೈಯಲ್ಲಿ ಹಿಡಿದು ಬಾಗಿಸಿದರೆ ಪೆಡಸು ಗೊತ್ತಾಗುತ್ತದೆ, ಅಲ್ಲಿ ಎಳೆತವೇ ಇರುವುದಿಲ್ಲ. ಇನ್ನು ಬಿಗಿ ಎಂಬುದು ನಿಮ್ಮ ಬೆರಳು ಕೊಡುವ ತೀರ್ಪು. ಅದರಲ್ಲಿ ಎಳೆತವಿದೆ, ಪೆಡಸಿದೆ, ತಂತಿಯ ಎತ್ತರವಿದೆ, ನೀವು ಎಲ್ಲಿ ಮೀಟುತ್ತೀರಿ ಎಂಬುದೂ ಇದೆ.

ಈಗ ಮುಖ್ಯವಾದ ಪ್ರಶ್ನೆ. ಹಗುರ ತಂತಿ ಹಾಕಿದ ಮೇಲೆ ಟ್ರಸ್ ರಾಡ್ (ಕುತ್ತಿಗೆಯ ಬಾಗು ಹೊಂದಿಸುವ ಒಳಗಿನ ಸರಳು) ಮುಟ್ಟಿದ್ದೀರಾ? ಭಾರದ ತಂತಿಗಳು ಕುತ್ತಿಗೆಯನ್ನು ಮುಂದಕ್ಕೆ ಜಗ್ಗಿ ಸಣ್ಣ ಬಾಗು ಕೊಟ್ಟಿರುತ್ತವೆ. ಆ ಜಗ್ಗು ಕಡಿಮೆಯಾದಾಗ ಟ್ರಸ್ ರಾಡ್‌ನ ಬಲವೇ ಮೇಲಾಗಿ ಕುತ್ತಿಗೆ ನೆಟ್ಟಗಾಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬಾಗುತ್ತದೆ. ಆಗ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಗರಗರ ಕೇಳಿಸುತ್ತದೆ. ಅದನ್ನು ತಂತಿಯ ದೋಷ ಎಂದು ತಿಳಿದು ಸೆಟ್‌ನ ಮೇಲೆ ಸೆಟ್ ಬದಲಿಸಿದವರನ್ನು ಬಹಳ ಮಂದಿ ನೋಡಿದ್ದೇನೆ.

ಹೀಗೆ ಅಳೆಯಿರಿ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ಕೊನೆಯ ಫ್ರೆಟ್‌ನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು ಅಥವಾ ಎಂಟನೆಯ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಉಳಿಯಿತು ನೋಡಿ. ಸುಮಾರು 0.3 ಮಿಲಿಮೀಟರ್ ಇದ್ದರೆ ಸರಿ. ಆಮೇಲೆ ಕೈ ಬಿಟ್ಟು, 12ನೆಯ ಫ್ರೆಟ್‌ನಲ್ಲಿ ಇ ತಂತಿಯ ಎತ್ತರ ಅಳೆಯಿರಿ. ಕೊನೆಯದಾಗಿ ಮೂರನೆಯ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್‌ನ ಮೇಲೆ ಎಷ್ಟು ಸಂದಿದೆ ನೋಡಿ. ಅಲ್ಲಿ ಕೂದಲೆಳೆಯಷ್ಟು ಮಾತ್ರ ಇರಬೇಕು. ಈ ಮೂರು ಅಳತೆ ಇಲ್ಲಿ ಹಾಕಿ.

ಲೆಕ್ಕದತಂತಿ

ದುರಸ್ತಿಮೇಜು ಅವರ ಮಾತಿಗೆ ನನ್ನದೊಂದು ಲೆಕ್ಕ ಸೇರಿಸುತ್ತೇನೆ. ಇದು ತಿಳಿದರೆ ತಂತಿ ಕೊಳ್ಳುವ ರೀತಿಯೇ ಬದಲಾಗುತ್ತದೆ.

ಎಳೆತವನ್ನು ನಿರ್ಧರಿಸುವುದು ಮೂರೇ ಸಂಗತಿಗಳು: ಒಂದು ಅಳತೆಯ ಉದ್ದಕ್ಕೆ ತಂತಿಯ ತೂಕ ಎಷ್ಟು, ಮಿಡಿಯುವ ಭಾಗದ ಉದ್ದ ಎಷ್ಟು, ಯಾವ ಶ್ರುತಿ. ಉದ್ದ ಮತ್ತು ಕಂಪನಸಂಖ್ಯೆ ಎರಡೂ ವರ್ಗವಾಗಿ ಲೆಕ್ಕಕ್ಕೆ ಬರುತ್ತವೆ. ಒಂದೇ ಬಗೆಯಲ್ಲಿ ಕಟ್ಟಿದ ತಂತಿಗಳಾದರೆ ತೂಕವು ಹೆಚ್ಚುಕಡಿಮೆ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಒಂದು ಸುಲಭದ ದಾರಿ ಇದೆ. ಗೇಜ್ ಅನ್ನು ಕಂಪನಸಂಖ್ಯೆಯಿಂದ ಗುಣಿಸಿ. ಬಂದ ಸಂಖ್ಯೆಗಳು ಒಂದಕ್ಕೊಂದು ಹತ್ತಿರ ಇದ್ದರೆ ತಂತಿಗಳ ಎಳೆತವೂ ಹತ್ತಿರ ಇದೆ ಎಂದರ್ಥ. ಜಿ ತಂತಿಗೆ 98, ಡಿಗೆ 73.4, ಎಗೆ 55, ಇಗೆ 41.2 ಹರ್ಟ್ಜ್.

ಮಂದ್ರಪ್ರಿಯ ಅವರ ಹಳೆಯ 45-65-85-105 ಸೆಟ್ ತೆಗೆದುಕೊಳ್ಳೋಣ. ಜಿಗೆ 4410, ಡಿಗೆ 4771, ಎಗೆ 4675, ಇಗೆ 4326. ಅತಿ ಹೆಚ್ಚು ಎಳೆತ ಡಿ ತಂತಿಯಲ್ಲಿ, ಅತಿ ಕಡಿಮೆ ಇ ತಂತಿಯಲ್ಲಿ! ನಿಜವಾದ ಎಳೆತಕ್ಕೆ ಈ ಸಂಖ್ಯೆಗಳ ವರ್ಗ ಹಿಡಿದರೆ ಡಿ ತಂತಿ ಇ ತಂತಿಗಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ಜಗ್ಗುತ್ತದೆ. ಎರಡನ್ನೂ ಒಂದೇ ಕೈ ಮೀಟುತ್ತದೆ, ಆದ್ದರಿಂದ ಡಿ ತಂತಿಗೆ ಒಗ್ಗಿದ ಬೆರಳಿಗೆ ಇ ತಂತಿ ಜೋಲಾಗಿ ಕಾಣಿಸುತ್ತದೆ. 45-65-80-100 ಸೆಟ್‌ನಲ್ಲಂತೂ ಇ ತಂತಿ 4120ಕ್ಕೆ ಇಳಿಯುತ್ತದೆ, ಡಿ 4771ರಲ್ಲೇ ಉಳಿಯುತ್ತದೆ.

45-60-80-107ಕ್ಕೆ ಲೆಕ್ಕ ಹಾಕಿ ನೋಡಿ. 4410, 4404, 4400, 4408. ಸಮತೋಲಿತ ಎಳೆತದ ಸೆಟ್ ಎಂದು ಮಾರುವವರು ಇಂಥ ವಿಚಿತ್ರ ಸಂಖ್ಯೆಗಳನ್ನು ಏಕೆ ಆರಿಸುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ನನ್ನ ನಂಬಿಕೆ ಇಷ್ಟು. ತಂತಿ ಬಿಗಿಯಾಗಿದೆ ಎಂದು ಬೆರಳು ಹೇಳುವಾಗ ಅದು ಒಟ್ಟು ಎಳೆತವನ್ನು ತೂಗುತ್ತಿರುವುದಿಲ್ಲ, ಒಂದು ತಂತಿಯನ್ನು ಪಕ್ಕದ ತಂತಿಯೊಂದಿಗೆ ಹೋಲಿಸುತ್ತಿರುತ್ತದೆ. ನಾಲ್ಕನ್ನೂ ಸಮನಾಗಿ ಇಳಿಸಿದರೆ ಕೈಗೆ ಹಗುರವೆನಿಸುತ್ತದೆ, ಜೋಲು ಎನಿಸುವುದಿಲ್ಲ. 40-55-75-95 ನೋಡಿ: 3920, 4037, 4125, 3914. ಹಳೆಯ ಸೆಟ್‌ಗಿಂತ ಒಟ್ಟು ಎಳೆತ ಸುಮಾರು ಕಾಲು ಭಾಗ ಕಡಿಮೆ, ಆದರೂ ತಂತಿಯಿಂದ ತಂತಿಗೆ ವ್ಯತ್ಯಾಸ ಬಹಳ ಸಣ್ಣದು. ಅದರ ಬದಲು 40-60-75-95 ತೆಗೆದುಕೊಂಡಿರೋ, ಡಿ ಮತ್ತೆ 4404ಕ್ಕೆ ಏರಿ ಒಂಟಿಯಾಗಿ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಈ ಲೆಕ್ಕವನ್ನು ರೌಂಡ್‌ವೂಂಡ್‌ಗೂ ಫ್ಲ್ಯಾಟ್‌ವೂಂಡ್‌ಗೂ ನಡುವೆ, ಅಥವಾ ನೈಲಾನ್ ಪಟ್ಟಿ ಸುತ್ತಿದ ತಂತಿಯೊಂದಿಗೆ ಹೋಲಿಸಲು ಬಳಸಬೇಡಿ. ಒಂದೇ ದಪ್ಪದಲ್ಲಿ ಅವುಗಳ ತೂಕ ಬೇರೆ ಬೇರೆ. ಅಲ್ಲಿ ತಯಾರಕರು ಮುದ್ರಿಸುವ ಎಳೆತದ ಪಟ್ಟಿಯನ್ನೇ ನೋಡಬೇಕು. 34 ಇಂಚಿನ ಬೇಸ್‌ನಲ್ಲಿ ಸಾಮಾನ್ಯ ಸೆಟ್‌ನ ಒಂದೊಂದು ತಂತಿಗೆ 35ರಿಂದ 50 ಪೌಂಡ್ ಆಸುಪಾಸಿನ ಸಂಖ್ಯೆಗಳು ಕಾಣುತ್ತವೆ.

ಗಟ್ಟಿಪೆಟ್ಟು

ಇಷ್ಟೆಲ್ಲ ಲೆಕ್ಕ ಏಕೆ? ತಂತಿಯನ್ನು ಬ್ರಿಡ್ಜ್ ಹಿಂದೆ ಹಾಕುವ ಬದಲು ದೇಹದ ಒಳಗಿನಿಂದ ತೂರಿಸಿ ಹಾಕಿದರೆ ಎಳೆತ ಹೆಚ್ಚಾಗುತ್ತದೆ, ಜೋಲು ಹೋಗುತ್ತದೆ. ನನ್ನ ಬೇಸ್‌ನಲ್ಲಿ ಹಾಗೇ ಮಾಡಿದ್ದೇನೆ, ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಲೆಕ್ಕದತಂತಿ

ಗಟ್ಟಿಪೆಟ್ಟು ಅವರೇ, ನಿಮ್ಮ ಬೆರಳಿನ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಳೆತ ಹೆಚ್ಚಾಗುತ್ತದೆ ಎಂಬುದು ಸರಿಯಲ್ಲ. ನಟ್‌ನಿಂದ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ವರೆಗಿನ ಉದ್ದ ಬದಲಾಗಲಿಲ್ಲ, ತಂತಿ ಅದೇ, ಶ್ರುತಿ ಅದೇ. ಮೂರೂ ಅದೇ ಆಗಿರುವಾಗ ಎಳೆತ ಬದಲಾಗಲು ಜಾಗವೇ ಇಲ್ಲ. ಎಳೆತ ಏರಿದ್ದರೆ ಸ್ವರವೂ ಮೇಲೇರಬೇಕಿತ್ತು. ಬದಲಾಗಿರುವುದು ಸ್ಯಾಡಲ್ ಮೇಲೆ ತಂತಿ ಬಾಗುವ ಕೋನ ಮತ್ತು ಸ್ಯಾಡಲ್‌ನ ಆಚೆ ಇರುವ ಉದ್ದ. ತಂತಿಯನ್ನು ಪಕ್ಕಕ್ಕೆ ಜಗ್ಗಿದಾಗ ಆ ಹೆಚ್ಚುವರಿ ಉದ್ದ ಸ್ವಲ್ಪ ಬಿಟ್ಟುಕೊಡುತ್ತದೆಯೇ ಅಥವಾ ಕೋನದ ಘರ್ಷಣೆ ಅದನ್ನು ಹಿಡಿದಿಡುತ್ತದೆಯೇ ಎಂಬುದರ ಮೇಲೆ ಬೆರಳಿನ ಅನುಭವ ಸಣ್ಣದಾಗಿ ಬದಲಾಗಬಹುದು. ನೋಯುವ ಕೈಗೆ ಅದು ಪರಿಹಾರ ಅಲ್ಲ.

ಉದ್ದ ನಿಜವಾಗಿ ಬದಲಾದಾಗ ಏನಾಗುತ್ತದೆ ನೋಡಿ. 34 ಇಂಚಿನಿಂದ 30 ಇಂಚಿನ ಬೇಸ್‌ಗೆ ಹೋದರೆ ಅದೇ ಗೇಜಿನಲ್ಲಿ ಎಳೆತ ಶೇ 22ರಷ್ಟು ಇಳಿಯುತ್ತದೆ. 35 ಇಂಚಿಗೆ ಹೋದರೆ ಶೇ 6ರಷ್ಟು ಏರುತ್ತದೆ. 34 ಇಂಚಿನಲ್ಲೇ ಉಳಿದು ಶ್ರುತಿಯನ್ನು ಅರ್ಧ ಸ್ವರ ಇಳಿಸಿದರೆ ಶೇ 11, ಒಂದು ಸ್ವರ ಇಳಿಸಿದರೆ ಶೇ 21ರಷ್ಟು ಕಡಿಮೆಯಾಗುತ್ತದೆ.

ಆ ಕೊನೆಯ ಸಂಖ್ಯೆಯಿಂದ ಒಂದು ಒಳ್ಳೆಯ ಪ್ರಯೋಗ ಮಾಡಬಹುದು. ಹೊಸ ತಂತಿ ಕೊಳ್ಳುವ ಮೊದಲು ಹಳೆಯ ಸೆಟ್ ಅನ್ನೇ ಹಾಕಿ ಒಂದು ಸ್ವರ ಇಳಿಸಿ, ಎರಡು ದಿನ ಒಬ್ಬರೇ ಅಭ್ಯಾಸ ಮಾಡಿ. ಐದನೇ ಒಂದು ಭಾಗ ಎಳೆತ ಕಡಿಮೆಯಾದರೆ ಕೈಗೆ ಹೇಗಿರುತ್ತದೆ ಎಂಬುದು ಏನೂ ಖರ್ಚಿಲ್ಲದೆ ಗೊತ್ತಾಗುತ್ತದೆ.

ಮಂದ್ರಪ್ರಿಯ

ಎಲ್ಲರಿಗೂ ಧನ್ಯವಾದ. ದುರಸ್ತಿಮೇಜು ಅವರು ಹೇಳಿದಂತೆ ಅಳೆದೆ.

ಏಳನೆಯ ಫ್ರೆಟ್‌ನ ಮೇಲೆ ಸಂದು ಇಲ್ಲವೇ ಇಲ್ಲ. ತಂತಿ ಫ್ರೆಟ್ ಅನ್ನು ಮುಟ್ಟಿಕೊಂಡೇ ಇದೆ. 12ನೆಯ ಫ್ರೆಟ್‌ನಲ್ಲಿ ಇ ತಂತಿಯ ಎತ್ತರ 3.2 ಮಿಲಿಮೀಟರ್. ಮೂರನೆಯ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲ ಫ್ರೆಟ್‌ನ ಮೇಲೆ ದಪ್ಪ ಕಾಗದ ಎರಡು ಪದರ ಸುಲಭವಾಗಿ ತೂರುತ್ತದೆ.

ಈ 3.2 ಹೇಗೆ ಬಂತು ಎಂದು ಯೋಚಿಸಿದಾಗ ನೆನಪಾಯಿತು. ಹಗುರ ತಂತಿ ಹಾಕಿದ ಮೊದಲ ವಾರದಲ್ಲಿ ಗರಗರ ಶಬ್ದ ತಡೆಯಲು ಸ್ಯಾಡಲ್‌ಗಳನ್ನು ನಾನೇ ಮೇಲೆತ್ತಿದ್ದೆ. ಟ್ರಸ್ ರಾಡ್ ಮುಟ್ಟಲಿಲ್ಲ.

ದುರಸ್ತಿಮೇಜು

ಗಂಟು ಅಲ್ಲಿದೆ. ಕುತ್ತಿಗೆ ನೆಟ್ಟಗಾಯಿತು, ಗರಗರ ಬಂತು, ಅದನ್ನು ತಡೆಯಲು ನೀವು ತಂತಿ ಎತ್ತಿದಿರಿ, ಎತ್ತಿದ್ದರಿಂದ ಎಡಗೈ ಇನ್ನೂ ಹೆಚ್ಚು ದೂರ ಒತ್ತಬೇಕಾಯಿತು. ಕೈಯ ನೋವಿಗಾಗಿ ತಂದ ತಂತಿ ಕೈಗೆ ಹೊಸ ಕೆಲಸ ಹಚ್ಚಿದೆ.

ಎಡಗೈಯ ಶ್ರಮ ಎಂದರೆ ತಂತಿಯನ್ನು ಎಷ್ಟು ದೂರ ಒತ್ತಬೇಕು ಮತ್ತು ಅದು ಎಷ್ಟು ಬಲವಾಗಿ ಎದುರಿಸುತ್ತದೆ ಎಂಬ ಎರಡರ ಗುಣಾಕಾರ. ಎತ್ತರವನ್ನು 3.2ರಿಂದ 2.2ಕ್ಕೆ ಇಳಿಸಿದರೆ ಒತ್ತುವ ದೂರ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಇಡೀ ಸೆಟ್ ಬದಲಿಸಿದರೂ ಎಳೆತದಲ್ಲಿ ನಿಮಗೆ ಸಿಗುವುದು ಕಾಲು ಭಾಗ. ಆದ್ದರಿಂದ ಎಡಗೈಗೆ ಬೇಕಾದ ಆರಾಮವನ್ನು ಹೊಂದಾಣಿಕೆಯಿಂದ ಪಡೆಯಿರಿ. ಬಲಗೈಗೆ ಬೇಕಾದ ಬಿಗಿಯನ್ನು ತಂತಿಗೆ ಬಿಡಿ.

ಟ್ರಸ್ ರಾಡ್ ಅನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಬೇಕಾದರೆ ಇನ್ನು ಕಾಲು ಸುತ್ತು. ತಿರುಗದಿದ್ದರೆ ಬಲ ಪ್ರಯೋಗ ಬೇಡ, ತಿಳಿದವರಿಗೆ ಕೊಡಿ. 0.3ರ ಸಂದು ಬಂದ ಮೇಲೆ ಸ್ಯಾಡಲ್ ಇಳಿಸಿ, ಆಮೇಲೆ 12ನೆಯ ಫ್ರೆಟ್‌ನಲ್ಲಿ ಸ್ವರಶುದ್ಧಿ ಸರಿಪಡಿಸಿ. ಈ ಕ್ರಮ ತಪ್ಪಬಾರದು. ನಟ್‌ನ ಕಚ್ಚು ಆಳ ಮಾಡುವುದು ಮಾತ್ರ ಮನೆಯ ಕೆಲಸವಲ್ಲ. ಒಮ್ಮೆ ಹೆಚ್ಚು ಉಜ್ಜಿದರೆ ಹಿಂದಿರುಗಿಸಲಾಗದು. ಆದರೆ ಮಾಡಿಸಲೇಬೇಕಾದ ಕೆಲಸ ಅದು, ಏಕೆಂದರೆ ಮೊದಲ ಮೂರು ಫ್ರೆಟ್‌ಗಳಲ್ಲಿ ಕೈ ನೋಯುವುದಕ್ಕೆ ಬ್ರಿಡ್ಜ್‌ಗಿಂತ ನಟ್ ಹೆಚ್ಚು ಕಾರಣ.

ಇನ್ನೊಂದು ಮಾತು. ಇ ತಂತಿಯ ಕೆಳಗಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಎಷ್ಟು ಎತ್ತರದಲ್ಲಿದೆ? ಎಳೆತ ಕಡಿಮೆ ಇರುವ ತಂತಿ ಹೆಚ್ಚು ಅಗಲವಾಗಿ ತೂಗುತ್ತದೆ, ಪಿಕಪ್‌ನ ಅಯಸ್ಕಾಂತಕ್ಕೂ ಬೇಗ ಸೋಲುತ್ತದೆ. ಪಿಕಪ್ ತೀರಾ ಹತ್ತಿರ ಇದ್ದರೆ ಕೊನೆಯ ಫ್ರೆಟ್‌ಗಳಲ್ಲಿ ಸ್ವರ ನಡುಗಿದಂತೆ, ಶ್ರುತಿ ಕದಲಿದಂತೆ ಕೇಳಿಸುತ್ತದೆ. ಸ್ವಲ್ಪ ಇಳಿಸಿ.

ತಿರುಳು

ಇಲ್ಲಿಯವರೆಗೆ ಯಾರೂ ತಂತಿಯ ಒಳಗನ್ನು ಮುಟ್ಟಿಲ್ಲ. ಮಂದ್ರಪ್ರಿಯ ಅವರ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಅಲ್ಲಿದೆ.

ಬೇಸ್ ತಂತಿ ಎಂದರೆ ನಡುವೆ ಒಂದು ಉಕ್ಕಿನ ಕೋರ್, ಅದರ ಸುತ್ತ ಒಂದು ಅಥವಾ ಹೆಚ್ಚು ಪದರದ ಸುತ್ತುತಂತಿ. ಎಳೆತವನ್ನು ಹೊರುವುದು ಕೋರ್. ತೂಕದ ಬಹುಪಾಲು ಕೊಡುವುದು ಸುತ್ತುತಂತಿ. ಇಬ್ಬರು ತಯಾರಕರ 100 ಗೇಜಿನ ತಂತಿಗಳು ಒಂದೇ ತೂಕ, ಒಂದೇ ಎಳೆತ ಹೊಂದಿದ್ದರೂ ಒಂದರಲ್ಲಿ ಕೋರ್ ದಪ್ಪ, ಇನ್ನೊಂದರಲ್ಲಿ ತೆಳು ಇರಬಹುದು. ಬಾಗುವಿಕೆಗೆ ಎದುರಾಗಿ ನಿಲ್ಲುವ ಗುಣ ಉಕ್ಕಿನ ಸರಳಿನ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಕೋರ್ ಶೇ 10ರಷ್ಟು ದಪ್ಪವಾದರೆ ಕೋರ್‌ನ ಪೆಡಸು ಶೇ 46ರಷ್ಟು ಹೆಚ್ಚುತ್ತದೆ. ನಿಮಗೆ ಬೇಕಾದ, ಎಳೆತ ಕಡಿಮೆಯಿದ್ದೂ ಬೆರಳಿಗೆ ನಿಲ್ಲುವ ತಂತಿ ಹುಟ್ಟುವುದು ಇಲ್ಲಿಂದಲೇ.

ಕೋರ್‌ನ ಆಕಾರವೂ ಮುಖ್ಯ. ಆರು ಮೂಲೆಯ ಕೋರ್‌ನಲ್ಲಿ ಮೂಲೆಗಳು ಸುತ್ತುತಂತಿಯನ್ನು ಕಚ್ಚಿ ಹಿಡಿಯುತ್ತವೆ. ಇಡೀ ತಂತಿ ಒಂದೇ ಸರಳಿನಂತೆ ವರ್ತಿಸುತ್ತದೆ, ಪೆಡಸಾಗಿರುತ್ತದೆ. ದುಂಡು ಕೋರ್‌ನ ತಂತಿ ಸುಲಭವಾಗಿ ಬಾಗುತ್ತದೆ. ಡಿಆರ್ ಕಂಪನಿಯ ತಂತಿಗಳಲ್ಲಿ ಇದನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಹೈ-ಬೀಮ್ಸ್ ದುಂಡು ಕೋರ್‌ನದು, ಲೋ-ರೈಡರ್ಸ್ ಆರು ಮೂಲೆಯದು. ಎರಡೂ ಸ್ಟೇನ್‌ಲೆಸ್ ಸ್ಟೀಲ್. ಒಂದೇ ಗೇಜಿನಲ್ಲಿ ಎರಡನ್ನೂ ನುಡಿಸಿದರೆ ಲೋ-ರೈಡರ್ಸ್ ಹೆಚ್ಚು ಗಟ್ಟಿ ಎಂದು ಬೆರಳಿಗೆ ಥಟ್ಟನೆ ತಿಳಿಯುತ್ತದೆ.

ಹಾಗಾಗಿ ನನ್ನ ಸಲಹೆ: ಗೇಜ್ ಇಳಿಸಿ, ಕೋರ್ ಆರು ಮೂಲೆಯದಿರಲಿ.

ಹಳೆಯಬೆರಳು

ಇದಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ. ಪೆಡಸಾದ ತಂತಿಗೆ ತೆರಬೇಕಾದ ಬೆಲೆ ಇದೆ. ಪೆಡಸು ಹೆಚ್ಚಿ ಎಳೆತ ಇಳಿದಷ್ಟೂ ಮೇಲಿನ ಹಾರ್ಮೋನಿಕ್‌ಗಳು (ಜೊತೆಗೆ ಕೇಳಿಸುವ ಉಪಸ್ವರಗಳು) ಮೂಲ ಸ್ವರದೊಂದಿಗೆ ಹೊಂದದೆ ಮೇಲಕ್ಕೆ ಸರಿಯುತ್ತವೆ. ಇ ತಂತಿ ಸ್ವರದಂತೆ ಹಾಡುವುದನ್ನು ಬಿಟ್ಟು ಕಬ್ಬಿಣದ ಸರಳಿನಂತೆ ಠಣ್ ಎನ್ನುತ್ತದೆ. 12ನೆಯ ಫ್ರೆಟ್‌ನ ಸ್ವರ ಸರಿಪಡಿಸಲು ಸ್ಯಾಡಲ್ ಅನ್ನು ಹಿಂದೆ ಹಿಂದೆ ಸರಿಸಬೇಕಾಗುತ್ತದೆ. ದುಂಡು ಕೋರ್‌ನ ತಂತಿಯಲ್ಲಿ ಸ್ವರ ಅರಳುವ ರೀತಿಯೇ ಬೇರೆ. ಬಿಗಿಗಾಗಿ ನಾದವನ್ನು ಬಿಟ್ಟುಕೊಡಬಾರದು.

ತಿರುಳು

ನಿಮ್ಮ ಮಾತಿನಲ್ಲಿ ಸತ್ಯವಿದೆ. ಇನ್ನೊಂದು ಅಂಶವನ್ನೂ ನಾನೇ ಸೇರಿಸುತ್ತೇನೆ. ಜೋರಾಗಿ ಮೀಟಿದಾಗ ತಂತಿ ಹಿಗ್ಗಿ ಎಳೆತ ಕ್ಷಣಕಾಲ ಏರುತ್ತದೆ, ಸ್ವರ ಮೇಲೆ ಹಾರುತ್ತದೆ. ಕೋರ್ ದಪ್ಪವಿದ್ದು ಮೂಲ ಎಳೆತ ಕಡಿಮೆಯಿದ್ದಷ್ಟೂ ಆ ಹಾರಾಟ ಹೆಚ್ಚು. ಮಂದ್ರಪ್ರಿಯ ಅವರ ಮೊದಲ ಸಂದೇಶದಲ್ಲಿರುವ ದೂರು ಇದೇ. ಹಾಗಾಗಿ ಜೋರಾಗಿ ಬಡಿಯುವ ಕೈಗೆ ಹಗುರ ಗೇಜಿನ ದಪ್ಪ ಕೋರ್ ಒಗ್ಗುವುದಿಲ್ಲ. ಸಮ ಪೆಟ್ಟಿನ ಕೈಗೆ ಒಗ್ಗುತ್ತದೆ.

ದುಂಡು ಕೋರ್ ಹಾಕುವವರಿಗೆ ಒಂದು ಸೂಚನೆ: ತಂತಿ ಕತ್ತರಿಸುವ ಮೊದಲು, ಕತ್ತರಿಸಬೇಕಾದ ಜಾಗಕ್ಕೆ ಸ್ವಲ್ಪ ಮುಂಚೆ ಅದನ್ನು ಲಂಬ ಕೋನದಲ್ಲಿ ಮಡಚಿ. ಮಡಚದೆ ಕತ್ತರಿಸಿದರೆ ಸುತ್ತುತಂತಿ ಕೋರ್‌ನ ಮೇಲೆ ಜಾರಿ ಸಡಿಲವಾಗಿ ತಂತಿ ಸತ್ತಂತೆ ನುಡಿಯುತ್ತದೆ.

ಸೇತುವೆಯಬಳಿ

ನಾನು ನುಡಿಸುವವನು, ಲೆಕ್ಕದವನಲ್ಲ. ಆದರೂ ಬಲಗೈಯ ಜಾಗದ ಬಗ್ಗೆ ಹೇಳಲೇಬೇಕು. ಎಳೆತ ಕಡಿಮೆಯಾದ ಮೇಲೂ ನಾನು ಮೊದಲಿನ ಜಾಗದಲ್ಲೇ, ಫ್ರೆಟ್‌ಬೋರ್ಡ್‌ನ ಅಂಚಿನ ಹತ್ತಿರ ಮೀಟುತ್ತಿದ್ದೆ. ಜೋಲು ಜೋಲು ಎಂದು ದೂರುತ್ತಿದ್ದೆ. ಒಂದು ದಿನ ಕೈಯನ್ನು ಬ್ರಿಡ್ಜ್ ಕಡೆಗೆ ನಾಲ್ಕು ಬೆರಳಿನಷ್ಟು ಸರಿಸಿದೆ. ಅದೇ ತಂತಿ ಗಟ್ಟಿಯಾಯಿತು.

ಲೆಕ್ಕದತಂತಿ ಅವರು ಇದಕ್ಕೆ ಕಾರಣ ಹೇಳಬಲ್ಲರೇ?

ಲೆಕ್ಕದತಂತಿ

ಖಂಡಿತ. ತಂತಿಯನ್ನು ಒಂದು ಜಾಗದಲ್ಲಿ ಪಕ್ಕಕ್ಕೆ ತಳ್ಳಲು ಬೇಕಾದ ಬಲ ಎಳೆತದ ಮೇಲೆ ಮಾತ್ರ ನಿಂತಿಲ್ಲ, ಆ ಜಾಗ ತುದಿಗೆ ಎಷ್ಟು ಹತ್ತಿರ ಎಂಬುದರ ಮೇಲೂ ನಿಂತಿದೆ. 34 ಇಂಚಿನ ಬೇಸ್‌ನಲ್ಲಿ ಬ್ರಿಡ್ಜ್‌ನಿಂದ ಕಾಲು ಭಾಗ ದೂರ ಎಂದರೆ ಸುಮಾರು 21.6 ಸೆಂಟಿಮೀಟರ್, ಹತ್ತನೇ ಒಂದು ಭಾಗ ಎಂದರೆ 8.6 ಸೆಂಟಿಮೀಟರ್. ತೆರೆದ ತಂತಿಯನ್ನು ಒಂದೇ ಅಂತರ ತಳ್ಳಲು ಮೊದಲನೆಯ ಜಾಗದಲ್ಲಿ ಬೇಕಾಗುವುದಕ್ಕಿಂತ ಎರಡರಷ್ಟು ಬಲ ಎರಡನೆಯ ಜಾಗದಲ್ಲಿ ಬೇಕು. ಯಾವ ತಂತಿ ಬದಲಾವಣೆಯೂ ಇಷ್ಟು ದೊಡ್ಡ ವ್ಯತ್ಯಾಸ ಕೊಡಲಾರದು.

ನಾದ ತೆಳುವಾಗುತ್ತದೆ ಎಂಬುದು ನಿಜ. ಫ್ಲ್ಯಾಟ್‌ವೂಂಡ್ ಹಾಕಿದವರಿಗೆ ಅದು ತೊಂದರೆಯಾಗುವುದಿಲ್ಲ, ಆ ತಂತಿಗಳ ಮಬ್ಬು ಬ್ರಿಡ್ಜ್ ಬಳಿಯ ಹರಿತವನ್ನು ಸರಿದೂಗಿಸುತ್ತದೆ.

ಸೇತುವೆಯಬಳಿ

ಹಾಗಾದರೆ ನನ್ನ ಕೈಗೆ ಸಿಕ್ಕಿದ್ದು ನಿಜವೇ ಆಗಿತ್ತು! ಇನ್ನೊಂದು ಅಭ್ಯಾಸವೂ ನೆರವಾಯಿತು. ಆಂಪ್‌ನ ಧ್ವನಿ ಹೆಚ್ಚಿಸಿ, ಬೆರಳಿನ ಪೆಟ್ಟು ಕಡಿಮೆ ಮಾಡಿದೆ. ಹಗುರ ತಂತಿಯನ್ನು ಭಾರದ ತಂತಿಯಂತೆ ಬಡಿದರೆ ಅದು ಎಂದಿಗೂ ಬಿಗಿಯಾಗಿ ತೋರದು. ಮೊದಲ ಹದಿನೈದು ದಿನ ಕಷ್ಟವಾಯಿತು, ಮೇಳದ ಮಧ್ಯೆ ಕೈ ತಾನಾಗಿಯೇ ಜೋರಾಗುತ್ತಿತ್ತು.

ಗಟ್ಟಿಪೆಟ್ಟು

ನನ್ನ ಹಿಂದಿನ ಮಾತು ತಪ್ಪಾಗಿತ್ತು, ಒಪ್ಪುತ್ತೇನೆ. ಆದರೆ ಇದೊಂದು ಕೇಳಬೇಕು. ಮೋಟೌನ್ ಧ್ವನಿಮುದ್ರಣಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಲಾ ಬೆಲ್ಲಾದ ಬಹಳ ದಪ್ಪ ಫ್ಲ್ಯಾಟ್‌ವೂಂಡ್, ತಂತಿಯೂ ಎತ್ತರದಲ್ಲಿ. ಆ ನಾದವನ್ನು ಪ್ರೀತಿಸುವವರು ಹಗುರ ತಂತಿಗೆ ಹೋದರೆ ಏನನ್ನು ಕಳೆದುಕೊಳ್ಳುತ್ತಾರೆ?

ಹಳೆಯಬೆರಳು

ಆ ನಾದದ ಒಂದು ಭಾಗವನ್ನು ಕಳೆದುಕೊಳ್ಳುತ್ತಾರೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಜೇಮರ್ಸನ್ ಅವರ ಸೆಟ್ 52-73-95-110. ಆ ಗೇಜಿನ ತಂತಿಯ ಮೊದಲ ಗುದ್ದು ಹಗುರ ತಂತಿಯಲ್ಲಿ ಬರುವುದಿಲ್ಲ. ಆದರೆ ಅವರು ತಂತಿಗಳನ್ನು ಬಹಳ ಅಪರೂಪವಾಗಿ ಬದಲಿಸುತ್ತಿದ್ದರು, ಒಂದೇ ತೋರುಬೆರಳಿನಿಂದ ಮೀಟುತ್ತಿದ್ದರು. ನಾದದ ಬಹುಪಾಲು ಆ ಬೆರಳಿನದು ಮತ್ತು ಹಳತಾದ ತಂತಿಯದು. ನೋಯುವ ಕೈಯವರು ಆ ಗೇಜಿನ ಹಿಂದೆ ಹೋಗಬಾರದು ಎಂದು ಕಳಕಳಿಯಿಂದ ಹೇಳುತ್ತೇನೆ.

ಐದನೆಯದು

ನನ್ನದು ಐದು ತಂತಿಯ ಬೇಸ್. ಉಳಿದ ನಾಲ್ಕನ್ನು 40-55-75-95ಕ್ಕೆ ಇಳಿಸಿದರೆ ಕೆಳಗಿನ ಬಿ ತಂತಿಯನ್ನೂ ಇಳಿಸಬೇಕೇ?

ಲೆಕ್ಕದತಂತಿ

ಅದೇ ಗುಣಾಕಾರ. ಕೆಳಗಿನ ಬಿಗೆ 30.87 ಹರ್ಟ್ಜ್. 125 ಗೇಜ್ ಆದರೆ 3859, 130 ಆದರೆ 4013. ಹಗುರ ಸೆಟ್‌ನ 3900-4100ರ ನಡುವೆ 130 ಸರಿಯಾಗಿ ಕೂರುತ್ತದೆ. ಅಂದರೆ ಬಿ ತಂತಿಯನ್ನು ಇಳಿಸಲೇಬೇಡಿ. ಸಾಮಾನ್ಯ ಸೆಟ್‌ಗಳಲ್ಲಿ ಬಿ ತಂತಿ ಮೊದಲಿನಿಂದಲೇ ಕಡಿಮೆ ಎಳೆತದ್ದು. ಈಗ ಉಳಿದ ನಾಲ್ಕು ಅದರ ಮಟ್ಟಕ್ಕೆ ಇಳಿದು ಬರುತ್ತವೆ.

ಮಂದ್ರಪ್ರಿಯ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಇಷ್ಟು ಸಮಯ ಕೊಟ್ಟಿದ್ದೀರಿ, ಏನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ.

ಟ್ರಸ್ ರಾಡ್ ಎರಡು ಬಾರಿ, ಒಟ್ಟು ಅರ್ಧ ಸುತ್ತು ಸಡಿಲಿಸಿದೆ. ಸಂದು 0.3ಕ್ಕೆ ಬಂತು. ನಟ್ ಕೆಲಸ ಹೊರಗೆ ಮಾಡಿಸಿದೆ. 12ನೆಯ ಫ್ರೆಟ್‌ನಲ್ಲಿ ಇ ತಂತಿ ಈಗ 2.2. ಇಷ್ಟು ಮಾಡಿದ ಮೇಲೆ ಆ ಮೃದು ಫ್ಲ್ಯಾಟ್‌ಗಳೇ ಮೊದಲಿಗಿಂತ ಬಹಳ ಚೆನ್ನಾದವು. ಗರಗರ ಹೋಯಿತು. ಇ ತಂತಿಯ ಜೋಲು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಆಮೇಲೆ ಆರು ಮೂಲೆಯ ಕೋರ್‌ನ, ನಿಕ್ಕಲ್ ಲೇಪನದ 40-55-75-95 ರೌಂಡ್‌ವೂಂಡ್ ಹಾಕಿದೆ. ಜಿ, ಡಿ, ಎ ಮೂರೂ ನಾನು ಬಯಸಿದಂತೆ ಇದ್ದವು. ಇ ತಂತಿ ಮಾತ್ರ ಇನ್ನೂ ಒಂದು ಕೂದಲೆಳೆ ಸಡಿಲ. ಲೆಕ್ಕದ ಪ್ರಕಾರ 3914 ಸಾಕಿತ್ತು. ಆದರೆ ನನ್ನ ಬಲಗೈ ಇ ತಂತಿಯನ್ನು ಉಳಿದವಕ್ಕಿಂತ ಜೋರಾಗಿ ಮೀಟುತ್ತದೆ ಎಂಬುದನ್ನು ಗಮನಿಸಿದೆ. ಅದೇ ತಯಾರಕರ ಬಿಡಿ 100 ಗೇಜಿನ ತಂತಿಯನ್ನು ತಂದು ಹಾಕಿದೆ. ಈಗ ಎ ತಂತಿ 4125, ಇ ತಂತಿ 4120. ಆ ಎರಡರ ನಡುವೆ ಬೆರಳು ಹೋಗಿಬರುವಾಗ ಒಂದೇ ನೆಲದ ಮೇಲೆ ನಡೆದಂತಿದೆ.

ಕೈಯ ಜಾಗವನ್ನೂ ಬ್ರಿಡ್ಜ್ ಕಡೆಗೆ ಸರಿಸಿದ್ದೇನೆ, ಸೇತುವೆಯಬಳಿ ಅವರು ಹೇಳಿದಷ್ಟಲ್ಲ, ಎರಡು ಬೆರಳಿನಷ್ಟು. ನೋವು ಪೂರ್ತಿ ಹೋಗಿಲ್ಲ. ಆದರೆ ಒಂದು ಗಂಟೆ ನುಡಿಸಿದ ಮೇಲೆ ಬರುತ್ತಿದ್ದದ್ದು ಈಗ ಎರಡು ಗಂಟೆಯಾದರೂ ಬಂದಿಲ್ಲ. ವೈದ್ಯರು ಹೇಳಿದ ವ್ಯಾಯಾಮವೂ ನಡೆಯುತ್ತಿದೆ.

ಇನ್ನೊಂದು ಆಸೆ ಉಳಿದಿದೆ. ಫ್ಲ್ಯಾಟ್‌ವೂಂಡ್‌ನ ನಾದ ಬಿಡಲು ಮನಸ್ಸಿಲ್ಲ. ಇದೇ ಬಿಗಿ ಫ್ಲ್ಯಾಟ್‌ನಲ್ಲಿ ಸಿಗಬಹುದೇ?

ತಿರುಳು

ಬಹಳ ಸಂತೋಷವಾಯಿತು. ಫ್ಲ್ಯಾಟ್‌ವೂಂಡ್‌ಗಳಲ್ಲಿ ಪೆಡಸು ಹೆಚ್ಚಿರುವುದು ಡಿ'ಅಡ್ಡಾರಿಯೋ ಕ್ರೋಮ್ಸ್ ಎಂಬುದು ನನ್ನ ಬೆರಳಿನ ಅನುಭವ. ಅದರ 45-100 ಸೆಟ್ ನಿಮ್ಮ ಕೈಗೆ ಭಾರವಾಗುತ್ತದೆ. ಹಗುರವಾದ 40-95 ಸೆಟ್ ಸಿಕ್ಕಿದರೆ ಅದನ್ನು ಪ್ರಯತ್ನಿಸಿ. ಕೊಳ್ಳುವ ಮೊದಲು ಎಳೆತದ ಪಟ್ಟಿಯನ್ನು ಈಗಿನ ನಿಮ್ಮ ಸೆಟ್‌ನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ, ತಂತಿಯಿಂದ ತಂತಿಗೆ.

ಹಳೆಯಬೆರಳು

ನೈಲಾನ್ ಪಟ್ಟಿ ಸುತ್ತಿದ ತಂತಿಗಳನ್ನು ಯಾರೂ ಹೇಳಲಿಲ್ಲ. ರೋಟೋಸೌಂಡ್‌ನ ಟ್ರೂ ಬೇಸ್ 65-75-100-115. ಗೇಜ್ ನೋಡಿ ಹೆದರಬೇಡಿ, ಅದರಲ್ಲಿ ಒಂದಷ್ಟು ದಪ್ಪ ಬರಿಯ ನೈಲಾನ್. ಎಳೆತ ಕಡಿಮೆ, ಆದರೆ ದಪ್ಪವಿರುವುದರಿಂದ ಬೆರಳಿಗೆ ಹಿಡಿಯಲು ಏನೋ ಇದೆ ಎಂಬ ಭಾವ ಬರುತ್ತದೆ. ನಾದ ದುಂಡಗೆ, ಮಬ್ಬಾಗಿ ಇರುತ್ತದೆ.

ದುರಸ್ತಿಮೇಜು

ಆ ತಂತಿ ಹಾಕುವುದಾದರೆ ನಟ್‌ನ ಕಚ್ಚುಗಳು ಅಷ್ಟು ಅಗಲ ಇವೆಯೇ ಎಂದು ಮೊದಲು ನೋಡಿಕೊಳ್ಳಿ. ಅಗಲ ಮಾಡಿಸಿದ ಮೇಲೆ ಮತ್ತೆ 40ರ ತಂತಿಗೆ ಮರಳಿದರೆ ಅದು ಕಚ್ಚಿನೊಳಗೆ ಅಲ್ಲಾಡುತ್ತದೆ. ಈಗ ತಾನೇ ನಟ್ ಸರಿಮಾಡಿಸಿದ್ದೀರಿ, ಹಾಗಾಗಿ ನಾನಾದರೆ ಮೊದಲು ಹಗುರ ಫ್ಲ್ಯಾಟ್‌ವೂಂಡ್ ಅನ್ನೇ ಹಾಕಿ ನೋಡುತ್ತೇನೆ. ಹಾಕಿದ ಮೂರನೆಯ ದಿನ ಏಳನೆಯ ಫ್ರೆಟ್‌ನ ಸಂದನ್ನು ಮತ್ತೆ ಅಳೆದು ಇಲ್ಲಿ ಬರೆಯಿರಿ.